ಆಮ್‌ಸ್ಟಲ್‌ವೇನ್ ಫೈನಲ್‌ನ ಸ್ಟಿಕ್ಕು

ಏಪ್ರಿಲ್ 27 ನೆದರ್‌ಲ್ಯಾಂಡ್ಸ್‌ನಲ್ಲಿ ರಾಜನ ಹುಟ್ಟುಹಬ್ಬ. ಅವತ್ತು ಯಾರು ಬೇಕಾದರೂ ರಸ್ತೆ ಬದಿಯಲ್ಲಿ ಚಾಪೆ ಹಾಸಿ ಮನೆಯ ಹಳೇ ಸಾಮಾನು ಮಾರಬಹುದು. ಅಂಥ ಒಂದು ಚಾಪೆಯ ಮೇಲೆ ನನಗೊಂದು ಹಾಕಿ ಸ್ಟಿಕ್ ಕಂಡಿತು. ಅದರ ತುಂಬ ಸಹಿಗಳು. "1973ರ ವಿಶ್ವಕಪ್, ಭಾರತ ತಂಡ. ಫೈನಲ್ ದಿನ ಮೈದಾನದಲ್ಲೇ ಹಾಕಿಸಿದ್ದು" ಅಂದ ಮಾರುವವ. ಬೆಲೆ 150 ಯೂರೋ. ಕೊಡಗಿನಲ್ಲಿರೋ ಅಪ್ಪನಿಗೆ ಇದನ್ನು ಒಯ್ದು ಕೊಟ್ಟರೆ! ಕೈ ಆಗಲೇ ಪರ್ಸಿಗೆ ಹೋಗಿತ್ತು.

ಯಾಕೆ ಅಂತ ಕೇಳಿ. 1973ರ ಸೆಪ್ಟೆಂಬರ್ 2, ಆಮ್‌ಸ್ಟಲ್‌ವೇನ್‌ನ ವಾಗೆನರ್ ಕ್ರೀಡಾಂಗಣ. ಫೈನಲ್‌ನಲ್ಲಿ ಭಾರತಕ್ಕೆ ಎದುರಾಳಿ ನೆದರ್‌ಲ್ಯಾಂಡ್ಸ್. ನಮ್ಮ ನಾಯಕ ಕೊಡಗಿನ ಎಂ.ಪಿ. ಗಣೇಶ್. ತಂಡದಲ್ಲಿ ಕೊಡಗಿನವರೇ ಆದ ಬಿ.ಪಿ. ಗೋವಿಂದ ಕೂಡ ಇದ್ದರು. ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದರು, ಡಚ್ಚರು 2–2 ಮಾಡಿಕೊಂಡರು. ಹೆಚ್ಚುವರಿ ಸಮಯದಲ್ಲಿ ನಮಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು, ಗೋಲಾಗಲಿಲ್ಲ. ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ 4–2ರಿಂದ ಸೋತೆವು. ರೇಡಿಯೋಗೆ ಕಿವಿ ಇಟ್ಟು ಕೂತಿದ್ದ ಅಪ್ಪ ಅವತ್ತು ರಾತ್ರಿ ಊಟ ಮಾಡಲಿಲ್ಲವಂತೆ.

ಇಂಥ ಹೊತ್ತಿನಲ್ಲೇ ನಾವು ಮೋಸ ಹೋಗೋದು. ನಂಬಬೇಕು ಅಂತ ಮನಸ್ಸು ಮೊದಲೇ ತೀರ್ಮಾನಿಸಿರುತ್ತೆ. ಡಚ್ಚರಿಗೆ ಈ ಪಾಠ ಹಳೇದು. 1937ರಲ್ಲಿ ಅಬ್ರಹಾಂ ಬ್ರೆಡಿಯಸ್ ಅನ್ನೋ ದೊಡ್ಡ ಕಲಾ ಪಂಡಿತರು ಒಂದು ಚಿತ್ರ ನೋಡಿ, ಇದು ವರ್ಮೀರ್‌ನದೇ ಅಂದರು. ಚಿತ್ರ ರಾಟರ್‌ಡ್ಯಾಮ್‌ನ ಬೋಯ್ಮನ್ಸ್ ಮ್ಯೂಸಿಯಂ ಸೇರಿತು. ನಿಜವಾಗಿ ಬರೆದವನು ಹಾನ್ ಫಾನ್ ಮೇಖೆರೆನ್. ವರ್ಮೀರ್ ಸಹಿಯನ್ನೂ ಅವನೇ ಹಾಕಿದ್ದ. 1945ರಲ್ಲಿ ಅವನೇ ಒಪ್ಪಿಕೊಂಡ. ಪರೀಕ್ಷೆ ಮಾಡಿದಾಗ ಬಣ್ಣದಲ್ಲಿ 20ನೇ ಶತಮಾನದ, ಬೇಕಲೈಟ್ ಥರದ ರಾಳ ಸಿಕ್ಕಿತು. ಪಂಡಿತರ ಕಣ್ಣು ತಪ್ಪಿತ್ತು, ವಸ್ತು ಸುಳ್ಳು ಹೇಳಲಿಲ್ಲ.

ಹಾಗಾಗಿ ನಾನು ಸಹಿ ಬಿಟ್ಟು ಮೊದಲು ಸ್ಟಿಕ್ಕನ್ನೇ ನೋಡಿದೆ. ತುದಿ ಇಂಗ್ಲಿಷಿನ 'ಜೆ' ಅಕ್ಷರದ ಹಾಗೆ ಪೂರ್ತಿ ಮೇಲಕ್ಕೆ ಬಾಗಿತ್ತು. ತೆಳು ಮರದ ಪಟ್ಟಿಗಳನ್ನು ಅಂಟಿಸಿದ ಗೆರೆಗಳೂ ಕಂಡವು. ಈ ಕೊಕ್ಕೆ ತುದಿ ಬಂದದ್ದು 1980ರ ದಶಕದ ಆರಂಭದಲ್ಲಿ, ಟೋನ್ ಕೂಲೆನ್ ಅನ್ನೋ ಡಚ್ ಆಟಗಾರನಿಂದ. ಅಂದಮೇಲೆ ಇದು 1973ರ ಫೈನಲ್‌ಗೆ ಹೋಗಿದ್ದು ಹೇಗೆ?

ಆಮೇಲೆ ಸಹಿಗಳು. ಅಷ್ಟು ಜನ ಹಾಕಿದರೆ ವೇಗ, ಒತ್ತು, ಓರೆ ಒಬ್ಬೊಬ್ಬರದು ಒಂದೊಂದು ಥರ ಇರಬೇಕು. ಇಲ್ಲಿ ಎಲ್ಲವೂ ಒಂದೇ ಕೈಯ ಹಾಗಿದ್ದವು. ಗೆರೆಗಳು ನಡುಗಿದ್ದವು, ನಡುನಡುವೆ ಪೆನ್ನು ಎತ್ತಿ ಇಟ್ಟ ಗುರುತು. ನಮ್ಮ ಸಹಿಯನ್ನು ನಾವು ಸರಸರ ಹಾಕ್ತೀವಿ. ನಕಲು ಮಾಡುವವನು ಅದನ್ನು ಚಿತ್ರದ ಹಾಗೆ ನಿಧಾನವಾಗಿ ಬರೀತಾನೆ.

"ಸರ್ಟಿಫಿಕೇಟ್ ಇದೆ" ಅಂದ ಅವನು. ಸರ್ಟಿಫಿಕೇಟೂ ಒಂದು ಕಾಗದವೇ ಅಲ್ಲವೇ? 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಹೆಸರಿನಲ್ಲಿ ನಕಲಿ ಸಹಿಗಳ ಜಾಲ ಹಿಡಿದಾಗ, ನಕಲಿ ಸಹಿಗಳ ಜೊತೆ ನಕಲಿ ಪ್ರಮಾಣಪತ್ರಗಳೂ ಸಿಕ್ಕವು. ಮದರ್ ತೆರೇಸಾ ಸಹಿ ಇದ್ದ ಬೇಸ್‌ಬಾಲ್ ಕೂಡ ಅದರಲ್ಲಿತ್ತು!

ನೀವೂ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ. ಈ ವಸ್ತು ಆ ಕಾಲದ್ದಾ? ಇದು ಯಾರ ಕೈಯಿಂದ ಯಾರ ಕೈಗೆ ಬಂತು? ಆ ಆಟಗಾರ ಅದೇ ಕಾಲದಲ್ಲಿ ಹಾಕಿದ, ಅನುಮಾನವೇ ಇಲ್ಲದ ಇನ್ನೊಂದು ಸಹಿಗೆ ಇದು ಹೋಲುತ್ತಾ? ಡಚ್ ರಾಷ್ಟ್ರೀಯ ಪತ್ರಾಗಾರದ ಆನೆಫೋ ಸಂಗ್ರಹದಲ್ಲಿ ಆ ಕಾಲದ ಸುದ್ದಿಚಿತ್ರಗಳಿವೆ, ಯಾರು ಬೇಕಾದರೂ ನೋಡಬಹುದು. ಆಗಿನ ಸ್ಟಿಕ್ಕು ಹೇಗಿತ್ತು ಅಂತ ಅಲ್ಲೇ ಗೊತ್ತಾಗುತ್ತೆ.

ನಾನು ಕೊಳ್ಳಲಿಲ್ಲ. ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಗಣೇಶ್ ಹಾಕದೇ ಇರೋ ಸಹಿ ನಮ್ಮನೇಲಿ ಯಾಕೆ? ಆ ಮೈದಾನ ಈಗಲೂ ಇದೆಯಲ್ಲ, ಒಂದು ಫೋಟೋ ತೆಗೆದು ಕಳಿಸು ಮಗಾ" ಅಂದರು.

ಮರುದಿನ ಬಸ್ ಹತ್ತಿ ವಾಗೆನರ್‌ಗೆ ಹೋದೆ. ಆ ಫೋಟೋ ಈಗ ನಮ್ಮ ಮನೆಯ ಗೋಡೆ ಮೇಲಿದೆ. ಅದು ಅಸಲಿ ಅನ್ನೋದಕ್ಕೆ ನಾನೇ ಸಾಕ್ಷಿ.