ಬೆಳಕು ಓದುವ ತಟ್ಟೆ



ಇಂದು ಒಂದು ತಟ್ಟೆಯ ಚರಿತ್ರೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಊಟದ ತಟ್ಟೆಯಲ್ಲ, ಹಾಡುವ ತಟ್ಟೆ. ತಮಿಳು ಪತ್ರಿಕೆ ಓದುವವರು ಇದನ್ನು 'ಕುರುಂದಗಡು' ಎಂಬ ಹೆಸರಿನಿಂದ ಬಲ್ಲರು. ಕುರು ಎಂದರೆ ಚಿಕ್ಕದು. ತಗಡು ನಮ್ಮ ಕನ್ನಡದ ತಗಡೇ. ಬೆಂಗಳೂರಿನ ಕನ್ನಡ ಪತ್ರಿಕೆಗಳು ಇದಕ್ಕೆ 'ಧ್ವನಿಸಾಂದ್ರಿಕೆ' ಎಂದು ಹೆಸರಿಟ್ಟವು. ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಮನೆಗಳಲ್ಲಿ ನಾವೆಲ್ಲ ಹೇಳುವುದು ಮಾತ್ರ ಸಿ.ಡಿ. ಎಂದೇ.

ನಿಮ್ಮ ಮನೆಯ ಬೀರುವಿನಲ್ಲಿ ಮದುವೆಯದೋ, ಜಾತ್ರೆಯದೋ, ಅಜ್ಜಿ ಹಾಡಿದ ಸೋಬಾನೆ ಪದದ್ದೋ ಒಂದು ಸಿ.ಡಿ. ಇರಬಹುದು. ಇಪ್ಪತ್ತು ವರ್ಷದಿಂದ ಅದನ್ನು ಯಾರೂ ಹೊರಗೆ ತೆಗೆದಿರಲಾರರು. ಅದು ಈಗಲೂ ಹಾಡುತ್ತದೆಯೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ ತಟ್ಟೆ ಹುಟ್ಟಿದ ಬಗೆಯನ್ನು ತಿಳಿಯಬೇಕು.

ಮೊದಲು ದನಿಯನ್ನು ಹಿಡಿದದ್ದು ಮುಳ್ಳು. 1877ರಲ್ಲಿ ಅಮೆರಿಕದ ಥಾಮಸ್ ಎಡಿಸನ್ ಉರುಳೆಯ ಮೇಲೆ ದನಿ ಗೀರಿದ. 1887ರಲ್ಲಿ ಎಮಿಲ್ ಬರ್ಲಿನರ್ ಉರುಳೆಯ ಬದಲು ಚಪ್ಪಟೆ ತಟ್ಟೆ ತಂದ. ಅದೇ ಗ್ರಾಮಾಫೋನ್. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ತಟ್ಟೆಗೆ ಏರಿತು. ಆದರೆ ಮುಳ್ಳಿಗೆ ಒಂದು ದೋಷವಿತ್ತು. ಪ್ರತಿ ಸಲ ಹಾಡಿಸಿದಾಗಲೂ ಅದು ತಟ್ಟೆಯನ್ನು ಒಂದಿಷ್ಟು ಸವೆಸುತ್ತಿತ್ತು. ಹೆಚ್ಚು ಪ್ರೀತಿಯ ಹಾಡು ಬೇಗ ಕೆಡುತ್ತಿತ್ತು!

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೇಮ್ಸ್ ರಸೆಲ್ ಎಂಬ ವಿಜ್ಞಾನಿಯನ್ನು ಕಾಡಿದ್ದು ಇದೇ ದೋಷ. ಆತ ಸಂಗೀತಪ್ರಿಯ. ಸವೆತ ಕಡಿಮೆಯಾಗಲೆಂದು ಉಕ್ಕಿನ ಮುಳ್ಳಿನ ಬದಲು ಕಳ್ಳಿಯ ಮುಳ್ಳನ್ನು ಹಾಕಿಯೂ ನೋಡಿದ್ದನಂತೆ. 1965ರಲ್ಲಿ ಆತನಿಗೆ ಹೊಳೆಯಿತು: ತಟ್ಟೆಯನ್ನು ಮುಟ್ಟದೆ ಓದುವುದು ಬೆಳಕು ಮಾತ್ರ. ದನಿಯನ್ನು 0 ಮತ್ತು 1 ಎಂಬ ಎರಡೇ ಅಂಕಿಗಳಾಗಿ ಬರೆದು ಬೆಳಕಿನಿಂದ ಓದುವ ಉಪಾಯಕ್ಕೆ 1970ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೂ ಮೊದಲೇ, 1958ರಲ್ಲಿ, ಡೇವಿಡ್ ಪಾಲ್ ಗ್ರೆಗ್ ಎಂಬಾತ ಚಿತ್ರಗಳನ್ನು ತಟ್ಟೆಯ ಮೇಲೆ ಬೆಳಕಿನಿಂದ ಓದುವ ಯೋಚನೆ ಮಾಡಿದ್ದ. ಹಾಗಾಗಿ ಸಿ.ಡಿ.ಯನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ಒಂದೇ ಹೆಸರು ಹೇಳಲಾಗದು. ಬಾವಿ ತೋಡಿದವನೊಬ್ಬ, ಕಲ್ಲು ಕಟ್ಟಿದವನೊಬ್ಬ, ರಾಟೆ ಹಾಕಿದವನೊಬ್ಬ.

ರಾಟೆ ಹಾಕಿದವರು ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಕಂಪನಿಯವರು. ಫಿಲಿಪ್ಸ್‌ನ ಪೀಟ್ ಕ್ರಾಮರ್ ಮತ್ತು ಕ್ಲಾಸ್ ಕೊಂಪಾನ್ 1969ರಿಂದ ಕನ್ನಡಿಯಂತೆ ಬೆಳಕನ್ನು ಹಿಂದಿರುಗಿಸುವ ತಟ್ಟೆಯ ಮೇಲೆ ಕೆಲಸ ಮಾಡಿದರು. ಅಲ್ಲಿಯೇ ಇದ್ದ ಲೂ ಓಟನ್ಸ್ ಎಂಬ ಇಂಜಿನಿಯರ್ ಹಾಡಿನ ತಟ್ಟೆ ಚಿಕ್ಕದಾಗಬೇಕೆಂದು ಹಟ ಹಿಡಿದ. 1963ರಲ್ಲಿ ನಮಗೆಲ್ಲ ಕ್ಯಾಸೆಟ್ ಕೊಟ್ಟವನೂ ಇವನೇ. ತಾನು ತಂದ ಕ್ಯಾಸೆಟ್ಟಿಗೆ ತಾನೇ ಎದುರಾಳಿಯನ್ನು ತಂದನು! 1979ರ ಮಾರ್ಚ್ 8ರಂದು ಫಿಲಿಪ್ಸ್ ತನ್ನ ತಟ್ಟೆಯನ್ನು ಪತ್ರಕರ್ತರಿಗೆ ಹಾಡಿಸಿ ತೋರಿಸಿತು. 1980ರಲ್ಲಿ ಎರಡೂ ಕಂಪನಿಗಳು ಸೇರಿ ಅಳತೆ, ನಿಯಮಗಳನ್ನು ನಿಗದಿ ಮಾಡಿದವು. 1982ರ ಆಗಸ್ಟ್ 17ರಂದು ಜರ್ಮನಿಯ ಹ್ಯಾನೋವರ್ ಬಳಿಯ ಕಾರ್ಖಾನೆಯಲ್ಲಿ ತಟ್ಟೆಗಳ ಅಚ್ಚು ಆರಂಭವಾಯಿತು. ಅದೇ ಅಕ್ಟೋಬರ್ 1ರಂದು ಜಪಾನಿನ ಅಂಗಡಿಗಳಲ್ಲಿ ಸಿ.ಡಿ. ಮಾರಾಟಕ್ಕೆ ಬಂತು.

ಈ ತಟ್ಟೆಯಲ್ಲಿ ಇರುವುದಾದರೂ ಏನು? ಅಡ್ಡಳತೆ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಅಲ್ಯೂಮಿನಿಯಮ್ಮಿನ ತೆಳು ಲೇಪ. ಆ ಲೇಪದಲ್ಲಿ ಕಣ್ಣಿಗೆ ಕಾಣದ ಕುಳಿಗಳ ಸಾಲು. ಸಾಲು ನಡುವಿನಿಂದ ಹೊರಟು ಸುತ್ತುತ್ತಾ ಅಂಚಿಗೆ ಬರುತ್ತದೆ. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ಸುಮಾರು 40 ಸಾಲುಗಳು ಹಿಡಿಯುತ್ತವೆ. ಇಡೀ ಸಾಲನ್ನು ಬಿಡಿಸಿ ನೇರ ಮಾಡಿದರೆ 5 ಕಿಲೋಮೀಟರಿಗೂ ಉದ್ದ! ಸಾಸಿವೆಗಿಂತ ಚಿಕ್ಕದಾದ ಲೇಸರ್ ದೀಪ ಇದರ ಮೇಲೆ ಬೆಳಕು ಬಿಡುತ್ತದೆ. ಮಟ್ಟಸವಾದ ಕಡೆ ಬೆಳಕು ಪೂರ್ತಿ ಹಿಂದಿರುಗುತ್ತದೆ, ಕುಳಿಯಲ್ಲಿ ಮಂಕಾಗುತ್ತದೆ. ಹೀಗೆ ಮಟ್ಟ ಬದಲಾದ ಕಡೆ 1, ಬದಲಾಗದ ಕಡೆ 0. ಒಂದು ಸೆಕೆಂಡಿನ ದನಿಯನ್ನು 44,100 ಸಲ ಅಳೆದು ಈ ಅಂಕಿಗಳಲ್ಲಿ ಬರೆದಿರುತ್ತಾರೆ. ನಮ್ಮ ಸೀಮೆಯ ವೀರಗಲ್ಲಿನ ಮೇಲೆ ಉಳಿ ಕೆತ್ತಿದ ಅಕ್ಷರವನ್ನೂ ನಾವು ನೆರಳು ಬೆಳಕಿನಿಂದಲೇ ಓದುತ್ತೇವೆ, ಅಲ್ಲವೇ?

ಇನ್ನೊಂದು ಜಾಣತನವನ್ನು ಹೇಳಲೇಬೇಕು. ಇಷ್ಟು ಸಣ್ಣ ಕುಳಿಗಳ ಮೇಲೆ ಒಂದು ಧೂಳಿನ ಕಣ ಬಿದ್ದರೂ ಸಾವಿರಾರು ಅಂಕಿ ಮುಚ್ಚಿಹೋಗುತ್ತವೆ. ಆದರೂ ಹಾಡು ಕೆಡುವುದಿಲ್ಲ. ಹೇಗೆ? ಚೀಟಿ ನಡೆಸುವವರ ಲೆಕ್ಕದ ಪುಸ್ತಕವನ್ನು ನೆನೆಯಿರಿ. ಅಡ್ಡಸಾಲಿಗೂ ಕೆಳಸಾಲಿಗೂ ಮೊತ್ತ ಬರೆದಿಟ್ಟಿದ್ದರೆ, ನಡುವೆ ಒಂದು ಅಂಕಿಯ ಮೇಲೆ ಮಸಿ ಚೆಲ್ಲಿದರೂ ಅದನ್ನು ಲೆಕ್ಕ ಹಾಕಿ ತೆಗೆಯಬಹುದು. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಗಣಿತಜ್ಞರು ಇಂಥದೇ ಒಂದು ಲೆಕ್ಕವನ್ನು ಬಹಳ ಪರಿಷ್ಕಾರವಾಗಿ ಕಟ್ಟಿದರು. ಸಿ.ಡಿ.ಯವರು ಅದನ್ನು ತೆಗೆದುಕೊಂಡು, ಜೊತೆಗೆ ಅಕ್ಕಪಕ್ಕದ ಅಂಕಿಗಳನ್ನು ದೂರದೂರ ಹಂಚಿಟ್ಟರು. ರಾಗಿಯನ್ನೆಲ್ಲ ಒಂದೇ ಹಗೇವಿಗೆ ತುಂಬದೆ ನಾಲ್ಕು ಹಗೇವಿನಲ್ಲಿ ಇಟ್ಟ ಹಾಗೆ. ಒಂದಕ್ಕೆ ನೀರು ನುಗ್ಗಿದರೂ ವರ್ಷದ ಕಾಳೆಲ್ಲ ಹೋಗುವುದಿಲ್ಲ. ಸಾಲಿನ ಉದ್ದಕ್ಕೆ ಎರಡು ಮಿಲಿಮೀಟರಿನಷ್ಟು ಜಾಗ ಹಾಳಾದರೂ ಯಂತ್ರ ತಾನೇ ಸರಿಪಡಿಸಿಕೊಳ್ಳುತ್ತದೆ.

ಈ ಲೆಕ್ಕದಿಂದ ಇನ್ನೊಂದು ದೊಡ್ಡ ಲಾಭವಾಯಿತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಾಡು ಇಳಿಸಿದರೆ ದನಿ ಪ್ರತಿ ಸಲವೂ ಮಂಕಾಗುತ್ತಿತ್ತು. ಅಂಕಿಗೆ ಆ ಕಾಟವಿಲ್ಲ. ತಪ್ಪಿಲ್ಲದೆ ಇಳಿಸಿದರೆ ಹತ್ತನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಯ ಕಥೆ. ನಮ್ಮ ಮನೆಗಳ ಮದುವೆ ಸಿ.ಡಿ. ಬೇರೆ ಜಾತಿಯದು. 1988ರಲ್ಲಿ ಜಪಾನಿನ ತಾಯೊ ಯುಡೆನ್ ಕಂಪನಿ, ಮನೆಯಲ್ಲೇ ಒಮ್ಮೆ ಬರೆಯಬಹುದಾದ ತಟ್ಟೆಯನ್ನು ಹೊರತಂದಿತು. ಇದರಲ್ಲಿ ಕುಳಿ ಇಲ್ಲ, ಬಣ್ಣದ ಒಂದು ತೆಳು ಪದರ ಇದೆ. ಹೆಚ್ಚು ಶಕ್ತಿಯ ಲೇಸರ್ ಆ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಸುಡುತ್ತದೆ. ಸುಟ್ಟ ಚುಕ್ಕೆ ಕುಳಿಯಂತೆ ಕಾಣುತ್ತದೆ. ತಟ್ಟೆಯ ಬೆನ್ನು ನೋಡಿ. ಬರೀ ಬೆಳ್ಳಿಯಂತಿದ್ದರೆ ಸಾಮಾನ್ಯವಾಗಿ ಅದು ಅಚ್ಚಿನದು. ಹಸಿರು, ನೀಲಿ ಅಥವಾ ಹೊಂಬಣ್ಣದ ಛಾಯೆ ಇದ್ದರೆ ಬರೆದದ್ದು.

ಬಣ್ಣವೆಂದ ಮೇಲೆ ಮಾಸುತ್ತದೆ. ಬಿಸಿಲಿಗೆ ಸೀರೆ ಮಾಸಿದ ಹಾಗೆ, ಸೆಕೆಗೂ ಬೆಳಕಿಗೂ ಈ ಪದರ ಕೆಡುತ್ತದೆ. ಎಷ್ಟು ವರ್ಷ ಬಾಳುತ್ತದೆ ಎಂಬುದು ಬಣ್ಣದ ಗುಣ, ಇಟ್ಟ ಜಾಗ, ತಯಾರಿಯ ಮಟ್ಟವನ್ನು ಅವಲಂಬಿಸಿದೆ. ಯಾವ ಮುನ್ಸೂಚನೆಯೂ ಇಲ್ಲದೆ ಒಂದು ದಿನ ಯಂತ್ರ ಓದುವುದನ್ನು ನಿಲ್ಲಿಸಿಬಿಡಬಹುದು. ಮುಂದೆ ಡಿವಿಡಿ ಬಂತು, 1996ರಲ್ಲಿ. ನೀಲಿ ಬೆಳಕಿನ ಬ್ಲೂ-ರೇ 2003ರಲ್ಲಿ ಜಪಾನಿನ ಅಂಗಡಿಗೆ ಬಂತು. ಬೆಳಕಿನ ಅಲೆ ಚಿಕ್ಕದಾದಷ್ಟೂ ಕುಳಿ ಚಿಕ್ಕದಾಯಿತು, ತಟ್ಟೆಯಲ್ಲಿ ಹಿಡಿಯುವುದು ಹೆಚ್ಚಾಯಿತು. ಆದರೆ ಬರೆಯುವ ಡಿವಿಡಿಯೂ ಬಣ್ಣದ ಪದರವನ್ನೇ ನಂಬಿದೆ.

ಈಗ ತಟ್ಟೆಯ ಜೊತೆಗೆ ಯಂತ್ರವೂ ಮರೆಯಾಗುತ್ತಿದೆ. ನಮ್ಮ ದೇಶದಲ್ಲಿ ಅಗ್ಗದ ಸಿ.ಡಿ., ಡಿವಿಡಿ ಮಾಡಿ ಹಂಚಿದ ಮೋಸರ್ ಬೇರ್ ಕಂಪನಿ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂತು. ಬರೆಯುವ ತಟ್ಟೆಯನ್ನು ಮೊದಲು ತಂದ ತಾಯೊ ಯುಡೆನ್ 2015ರಲ್ಲಿ ಆ ವ್ಯವಹಾರ ಬಿಟ್ಟಿತು. ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ನಿಲ್ಲಿಸಿತು. ಹೊಸ ಕಂಪ್ಯೂಟರುಗಳಲ್ಲಿ ತಟ್ಟೆ ಹಾಕುವ ಬಾಯಿಯೇ ಹೆಚ್ಚಾಗಿ ಇರುವುದಿಲ್ಲ.

ಪ್ರತಿ ಉಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಂದು ದುಃಖದ ಉದಾಹರಣೆ ಇದೆ. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ನಟಿಸಿದ ಚಿತ್ರ. ಕನ್ನಡ ಬೆಳ್ಳಿತೆರೆ ಮೊದಲ ಸಲ ಮಾತಾಡಿದ್ದು ಅದರಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ.

ಪ್ರತಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಕನ್ನಡದಲ್ಲೇ ಉದಾಹರಣೆ ಇದೆ. ಸಾವಿರ ವರ್ಷದ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಆಕೆಯ ಕಾಲದ ಓಲೆಗಳು ಹುಳು ತಿಂದು ಹೋಗಿರಬಹುದು. ಕಾವ್ಯ ಮಾತ್ರ ನಮ್ಮ ಕೈಯಲ್ಲಿದೆ. ಓಲೆಗರಿಯನ್ನು ಯಾರೂ ಶಾಶ್ವತವೆಂದು ನಂಬಲಿಲ್ಲ. ಹಳೆಯದು ಜೀರ್ಣವಾಗುವ ಮೊದಲು ಹೊಸದಕ್ಕೆ ಬರೆದುಕೊಂಡರು. ಸಿ.ಡಿ.ಯನ್ನೂ ನಾವು ಹಾಗೆಯೇ ಕಾಣಬೇಕು. ಅದು ಶಿಲಾಶಾಸನವಲ್ಲ, ಓಲೆಗರಿ.

ಸಿನಿಮಾ ಹಾಡಿನ ಸಿ.ಡಿ. ಹೋದರೆ ಚಿಂತೆಯಿಲ್ಲ, ಅದು ಬೇರೆಲ್ಲಾದರೂ ಸಿಕ್ಕೀತು. ನಿಮ್ಮ ಊರಿನ ದನಿ ಬೇರೆಲ್ಲೂ ಸಿಗದು. ತಮಿಳು, ತೆಲುಗು ಕಲೆತ ನಮ್ಮ ಗಡಿಯ ಕನ್ನಡವನ್ನು ಹಿರಿಯರು ಆಡಿದ ರೀತಿ, ಹಸೆಯ ಮುಂದೆ ಹಾಡಿದ ಪದ, ಗುಡಿಯ ಮುಂದೆ ಆಡಿದ ನಾಟಕದ ಮಾತು, ಇವನ್ನು ಯಾವ ಕಂಪನಿಯೂ ಅಚ್ಚು ಹಾಕಿಲ್ಲ.

ಆದ್ದರಿಂದ ಈ ವಾರವೇ ಬೀರು ತೆಗೆಯಿರಿ. ತಟ್ಟೆಯನ್ನು ಅಂಚಿನಲ್ಲಿ ಹಿಡಿಯಿರಿ. ಒರೆಸುವುದಾದರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿ ಒರೆಸಬೇಡಿ. ಹೆಸರು ಬರೆದ ಮೇಲ್ಭಾಗವನ್ನೂ ಜೋಪಾನ ಮಾಡಿ. ಸಿ.ಡಿ.ಯ ಬೆಳ್ಳಿ ಪದರ ಅದರ ಕೆಳಗೇ ಇರುತ್ತದೆ, ಬಾಲ್‌ಪೆನ್ನಿನ ಮೊನೆ ಅದನ್ನು ಕೆಡಿಸಬಲ್ಲದು. ತಟ್ಟೆ ಓದುವ ಕಂಪ್ಯೂಟರ್ ಇರುವವರ ಬಳಿ ಹೋಗಿ ಇಳಿಸಿಕೊಳ್ಳಿ. ಒಂದು ಕಡೆಯಲ್ಲ, ಎರಡು ಮೂರು ಕಡೆ ಇಡಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂದು ಬರೆದಿಡಿ. ಆ ಮೂರು ಮಾತು ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದುಕೊಳ್ಳಿ.