ಬೆಂಡೆಯ ಎಲೆ ಕಲಿಸಿದ ಪಾಠ

ನಮ್ಮ ಕಾಸರಗೋಡಿನ ಶಾಲೆಯ ತರಕಾರಿ ತೋಟದಲ್ಲಿ ಒಮ್ಮೆ ಬೆಂಡೆಯ ಎಲೆಗಳ ನರಗಳೆಲ್ಲ ಹಳದಿಯಾದವು. ಗಿಡ ನೋಡಿಕೊಳ್ಳುತ್ತಿದ್ದ ಏಳನೇ ತರಗತಿಯ ಹುಡುಗಿಗೆ "ಗೊಬ್ಬರ ಸರಿಯಾಗಿ ಹಾಕಿಲ್ಲ" ಎಂದು ಗದರಿದೆ. "ಹಾಕಿದ್ದೇನಲ್ಲ ಸರ್" ಎಂದು ಕಣ್ಣು ತುಂಬಿಕೊಂಡಳು. ಅದು ಬಿಳಿನೊಣ ಹರಡುವ ನಂಜುರೋಗವೆಂದು ಆಮೇಲೆ ತಿಳಿಯಿತು. ತಪ್ಪು ನನ್ನದೇ.

ಮಕ್ಕಳೇ, ಇಂಥ ತಪ್ಪು ದೊಡ್ಡವರಿಂದಲೂ ಆಗಿದೆ. ಹಾಲೆಂಡಿನಲ್ಲಿ ತಂಬಾಕಿನ ಎಲೆಗಳಲ್ಲಿ ಮಚ್ಚೆ ಬಿದ್ದಾಗ ಅಡಾಲ್ಫ್ ಮೇಯರ್ ಮಣ್ಣು, ಗೊಬ್ಬರಗಳನ್ನು ಪರೀಕ್ಷಿಸಿದರು. ಕಾರಣ ಅಲ್ಲಿರಲಿಲ್ಲ. ರೋಗದ ಎಲೆಯ ರಸವನ್ನು ಒಳ್ಳೆಯ ಗಿಡಕ್ಕೆ ಚುಚ್ಚಿದಾಗ ಅದಕ್ಕೂ ರೋಗ ಬಂತು. 1886ರಲ್ಲಿ ಇದನ್ನು ಪ್ರಕಟಿಸಿದ ಅವರು ಬ್ಯಾಕ್ಟೀರಿಯಾ ಕಾರಣವೆಂದು ಭಾವಿಸಿದರು. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ ಆ ರಸವನ್ನು ಬ್ಯಾಕ್ಟೀರಿಯಾ ದಾಟಲಾಗದ ಪಿಂಗಾಣಿ ಫಿಲ್ಟರಿನಲ್ಲಿ ಸೋಸಿದರು. ಸೋಸಿದ ರಸವೂ ರೋಗ ತಂದಿತು! ಆದರೂ ಅವರು ಬ್ಯಾಕ್ಟೀರಿಯಾದ ವಿಚಾರವನ್ನು ಬಿಡಲಿಲ್ಲ. 1898ರಲ್ಲಿ ಬೈಜರಿಂಕ್ ಇದು ಬೇರೆಯೇ ಬಗೆಯದೆಂದು ಹೇಳಿ 'ವೈರಸ್' ಎಂದು ಕರೆದರು. ಆದರೆ ಅದನ್ನು ದ್ರವವೆಂದು ತಿಳಿದರು.

ಅದನ್ನು ಎಲೆಯಿಂದ ಬೇರ್ಪಡಿಸಿದ್ದು ಹೇಗೆ? ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ರೋಗದ ಎಲೆಗಳನ್ನು ಹೆಪ್ಪುಗಟ್ಟಿಸಿ, ಅರೆದು, ರಸ ತೆಗೆದರು. ಅಮೋನಿಯಂ ಸಲ್ಫೇಟ್ ಬೆರೆಸಿದಾಗ ಪ್ರೋಟೀನು ಗಷ್ಟಾಗಿ ಕೆಳಗಿಳಿಯಿತು. ಹೀಗೆ ಮತ್ತೆ ಮತ್ತೆ ಶುದ್ಧಗೊಳಿಸಿ 1935ರಲ್ಲಿ ಸೂಜಿಯಂಥ ಹರಳುಗಳನ್ನು ಪಡೆದರು. ಅವನ್ನು ನೀರಿನಲ್ಲಿ ಕರಗಿಸಿ ಎಲೆಗೆ ಉಜ್ಜಿದರೆ ಮತ್ತೆ ರೋಗ! 1946ರಲ್ಲಿ ಅವರು ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಆದರೆ ಅದು ಬರೀ ಪ್ರೋಟೀನು ಎಂಬ ಅವರ ಮಾತು ಪೂರ್ತಿ ಸರಿಯಿರಲಿಲ್ಲ. ಅದರಲ್ಲಿ ರಂಜಕವುಳ್ಳ ನ್ಯೂಕ್ಲಿಯಿಕ್ ಆಮ್ಲವೂ ಇದೆಯೆಂದು ಇಂಗ್ಲೆಂಡಿನ ಬಾಡೆನ್ ಮತ್ತು ಪಿರಿ 1936ರಲ್ಲೇ ತೋರಿಸಿದ್ದರು. ಆ ಆಮ್ಲವೊಂದೇ ರೋಗ ತರಬಲ್ಲದೆಂದು 1956ರಲ್ಲಿ ಖಚಿತವಾಯಿತು.

1939ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ನಂಜಾಣು ಕೋಲಿನಂತೆ ಕಾಣಿಸಿತು. ಅಂಥ ಮೂರು ಸಾವಿರಕ್ಕೂ ಹೆಚ್ಚು ಕೋಲುಗಳನ್ನು ತುದಿಗೆ ತುದಿ ಜೋಡಿಸಿದರೆ ಒಂದು ಮಿಲಿಮೀಟರ್!

ಶುದ್ಧ ನಂಜಾಣು ಸಿಕ್ಕಿದ್ದರಿಂದ ಪತ್ತೆಯೂ ಸುಲಭವಾಯಿತು. ಅದನ್ನು ಮೊಲಕ್ಕೆ ಚುಚ್ಚಿದರೆ ಮೊಲದ ರಕ್ತದಲ್ಲಿ ಪ್ರತಿಕಾಯ ಉಂಟಾಗುತ್ತದೆ. ಆ ಪ್ರತಿಕಾಯ ಅದೇ ನಂಜಾಣುವನ್ನು ಗುರುತಿಸಿ ಹಿಡಿಯುತ್ತದೆ. 1977ರಲ್ಲಿ ಕ್ಲಾರ್ಕ್ ಮತ್ತು ಆಡಮ್ಸ್ ಈ ತತ್ತ್ವದ 'ಎಲಿಸಾ' ಪರೀಕ್ಷೆಯನ್ನು ಸಸ್ಯಗಳಿಗೆ ಅಳವಡಿಸಿದರು. ಪುಟ್ಟ ಗುಳಿಗಳಲ್ಲಿ ಎಲೆಯ ರಸ ಹಾಕಿ ಪರೀಕ್ಷಿಸಿದಾಗ ಬಣ್ಣ ಬಂದರೆ ನಂಜಾಣು ಇದೆ ಎಂದರ್ಥ.

ರೋಗ ತಗಲಿದ ಗಿಡವನ್ನು ಗುಣಪಡಿಸುವ ಔಷಧಿಯಿಲ್ಲ. ಆ ಹುಡುಗಿಯೇ ರೋಗದ ಗಿಡಗಳನ್ನು ಕಿತ್ತು ಉಳಿದವನ್ನು ಕಾಪಾಡಿದಳು. ಅವಳ ಕ್ಷಮೆಯನ್ನು ತರಗತಿಯ ಎದುರೇ ಕೇಳಿದೆ. ತಪ್ಪನ್ನು ತಿದ್ದಿಕೊಳ್ಳುತ್ತಲೇ ವಿಜ್ಞಾನ ಬೆಳೆದಿದೆ. ಮೇಷ್ಟ್ರುಗಳೂ ಹಾಗೆಯೇ ಬೆಳೆಯಬೇಕಲ್ಲವೇ?