ಸುಂಕದವನ ಮುಂದೆ ನಮ್ಮ ಕಾರು

ಹೊಸೂರಿನಿಂದ ಸ್ವಂತ ಕಾರಿನಲ್ಲಿ ಬೆಂಗಳೂರಿನ ಕಡೆ ಹೊರಟವರಿಗೆ ಜೂಜುವಾಡಿ ದಾಟಿ ಅತ್ತಿಬೆಲೆ ಸೇರಿದ್ದು ದೊಡ್ಡ ಸಂಗತಿಯೇನೂ ಅಲ್ಲ. ಅಂಗಡಿ ಬೋರ್ಡಿನ ಅಕ್ಷರ ಬದಲಾಗುತ್ತದೆ, ಅಷ್ಟೇ. ರಾಗಿ ಹೊಲ ಅದೇ, ಹುಣಸೆ ಮರ ಅದೇ. ನಿಮ್ಮಲ್ಲಿ ಎಷ್ಟೋ ಮಂದಿಗೆ ಹೆಣ್ಣು ಕೊಟ್ಟ ಊರು ಆನೇಕಲ್ಲಿನ ಕಡೆ, ಹೆಣ್ಣು ತಂದ ಊರು ತಳಿಯ ಕಡೆ. ಇದೇ ಕಾರನ್ನು ಇನ್ನೊಂದು ದೇಶದ ಗಡಿಗೆ ಒಯ್ದು ನಿಲ್ಲಿಸಿದರೆ ಏನಾದೀತು? ಅದನ್ನು ತಿಳಿಯುವ ಮೊದಲು, ನಮ್ಮ ಮನೆಬಾಗಿಲಿನ ಗಡಿಯೇ ಒಂದು ಕಾಲಕ್ಕೆ ಪರದೇಶದ ಗಡಿಯಾಗಿತ್ತು ಎಂಬುದನ್ನು ನೆನೆಯೋಣ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಬಾರಾಮಹಲನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಕೃಷ್ಣಗಿರಿ ಕಂಪನಿಯ ಪಾಲಾಯಿತು. ಅಲೆಕ್ಸಾಂಡರ್ ರೀಡ್ ಅಲ್ಲಿಯ ಆಡಳಿತಕ್ಕೆ ಬಂದ. ಅವನ ಕೈಕೆಳಗೆ ಕಂದಾಯದ ಕೆಲಸ ಕಲಿತವನೇ ಥಾಮಸ್ ಮನ್ರೋ. ಆದರೆ ಘಟ್ಟದ ಮೇಲಿನ ಹೊಸೂರು ಸೀಮೆ ಮೈಸೂರಿನಲ್ಲೇ ಉಳಿಯಿತು. ಹೀಗಾಗಿ ಏಳು ವರ್ಷ ಕಾಲ ಗಡಿ ಇದ್ದದ್ದು ಅತ್ತಿಬೆಲೆಯಲ್ಲಲ್ಲ. ಹೊಸೂರಿಗೂ ಕೃಷ್ಣಗಿರಿಗೂ ನಡುವೆ! ಅದೂ ಯುದ್ಧ ಮಾಡಿ ಇನ್ನೂ ಕತ್ತಿ ಒರೆಗೆ ಹಾಕದ ಎರಡು ಸರ್ಕಾರಗಳ ಗಡಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು ಸೀಮೆಯೂ ಕಂಪನಿಗೆ ಸೇರಿತು. ಗೆರೆ ಮೇಲಕ್ಕೆ ಸರಿದು ಈಗಿನ ಜಾಗದತ್ತ ಬಂತು.

ಆ ದಿನಗಳಲ್ಲಿ ಗಡಿಯೆಂದರೆ ಸುಂಕ. ಗಡಿಯಲ್ಲಿ ಮಾತ್ರವಲ್ಲ, ಒಂದೇ ರಾಜ್ಯದ ಒಳಗೂ ದಾರಿಯುದ್ದಕ್ಕೂ ಕಟ್ಟೆಗಳು. ಹೇರೆತ್ತಿನ ಮೇಲೆ ಹುಣಸೆಹಣ್ಣೋ ಎಳ್ಳೋ ಹೊತ್ತು ಹೊರಟವನು ಕಟ್ಟೆಗೊಂದು ಸಲ ಗಂಟು ಬಿಚ್ಚಬೇಕು. ಬೆಂಗಳೂರಿನ ಸುಂಕದಕಟ್ಟೆ ಎಂಬ ಬಡಾವಣೆಯ ಹೆಸರಿನಲ್ಲಿ ಆ ನೆನಪು ಇಂದಿಗೂ ಉಳಿದಿದೆ. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮದ್ರಾಸ್ ಪ್ರಾಂತದಲ್ಲಿ ಒಳನಾಡಿನ ಸಾಗಣೆ ಸುಂಕ ರದ್ದಾದದ್ದು 1844ರ ಕಾಯಿದೆಯಿಂದ. ಮೈಸೂರಿನಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ 700ಕ್ಕೂ ಹೆಚ್ಚು ಬಗೆಯ ಚಿಲ್ಲರೆ ತೆರಿಗೆಗಳು ಹೋದವು.

ಆದರೂ ಗೆರೆ ಅಳಿಯಲಿಲ್ಲ. 1947ರವರೆಗೆ ಈ ಕಡೆ ಬ್ರಿಟಿಷ್ ಇಂಡಿಯಾ, ಆ ಕಡೆ ಮಹಾರಾಜರ ಸಂಸ್ಥಾನ. 1950ರಲ್ಲಿ ಜಾರಿಗೆ ಬಂದ ಸಂವಿಧಾನ ದೇಶದೊಳಗೆ ಎಲ್ಲಿಗೆ ಬೇಕಾದರೂ ಓಡಾಡುವ ಹಕ್ಕನ್ನು ಪ್ರಜೆಗೆ ಕೊಟ್ಟಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರಿಗೆ ಬಂತು, ಹೊಸೂರು ಮದ್ರಾಸಿನಲ್ಲೇ ಉಳಿಯಿತು. ಆಮೇಲೆ 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಊರು ಕದಲಲಿಲ್ಲ, ಕಾಗದದ ತಲೆಬರಹ ಮಾತ್ರ ಬದಲಾಗುತ್ತ ಹೋಯಿತು.

ಈಗ ಕಾರಿನ ಮಾತಿಗೆ ಬರೋಣ. ನಮ್ಮೂರ ಹೆದ್ದಾರಿಗೆ ಈಗ 44ನೆಯ ನಂಬರು. ಹಿಂದೆ ಇದು 7ನೆಯ ನಂಬರಿನ ಹೆದ್ದಾರಿ, ಕನ್ಯಾಕುಮಾರಿಯಿಂದ ವಾರಾಣಸಿಗೆ ಹೋಗುತ್ತಿದ್ದದ್ದು. ಅದೇ ಹಳೆಯ ದಾರಿ ಹಿಡಿದು ಹೈದರಾಬಾದ್, ನಾಗಪುರ, ಜಬಲ್ಪುರ ದಾಟಿ ಕಾಶಿ ಮುಟ್ಟಿ, ಅಲ್ಲಿಂದ ಗೋರಖಪುರದ ಮೇಲೆ ಸುನೌಲಿಗೆ ಹೋದರೆ ಎದುರಿಗೆ ನೇಪಾಳ. ಕಾಶಿಯಾತ್ರೆಗೆ ಹೊರಟವರು ಪಶುಪತಿನಾಥನನ್ನೂ ಕಂಡುಬರಲು ಇದು ಅನುಕೂಲದ ದಾರಿ.

ಅಲ್ಲಿ ನಮಗೆ ವೀಸಾ ಬೇಡ, ಗುರುತಿನ ಚೀಟಿ ಸಾಕು. ಆದರೆ ಕಾರಿಗೆ ಬೇರೆಯೇ ಲೆಕ್ಕ! 'ಭನ್ಸಾರ್' ಎನ್ನುವ ಸುಂಕದ ಕಚೇರಿಯಲ್ಲಿ ನೋಂದಣಿ ಪುಸ್ತಕ, ಲೈಸೆನ್ಸ್ ತೋರಿಸಿ, ಇಷ್ಟು ದಿನ ಇರುತ್ತೇವೆಂದು ಹೇಳಿ, ದಿನದ ಲೆಕ್ಕದಲ್ಲಿ ಹಣ ಕಟ್ಟಿ ಚೀಟಿ ಪಡೆಯಬೇಕು. ದಿನ ಮೀರಿದರೆ ದಂಡ. ನಮ್ಮ ವಿಮೆ ಭಾರತದೊಳಗೆ ಮಾತ್ರ ನಡೆಯುತ್ತದೆ. ಹೆಚ್ಚಿನ ಕಂತು ಕಟ್ಟಿ ಅದನ್ನು ನೇಪಾಳಕ್ಕೂ ವಿಸ್ತರಿಸಿಕೊಂಡೇ ಊರು ಬಿಡಬೇಕು. ಇಂದು ಇಷ್ಟಾದರೂ ಸುಲಭ. ಭಾರತದ ನೆರವಿನಿಂದ ತ್ರಿಭುವನ ರಾಜಪಥ ಸಿದ್ಧವಾಗುವವರೆಗೆ, ಅಂದರೆ 1956ರವರೆಗೆ, ಬಯಲುಸೀಮೆಯಿಂದ ಕಾಠ್ಮಂಡುವಿಗೆ ಮೋಟಾರು ದಾರಿಯೇ ಇರಲಿಲ್ಲ. ಅಲ್ಲಿಯ ಶ್ರೀಮಂತರ ಕಾರುಗಳನ್ನು ಬೊಂಬಿನ ಚೌಕಟ್ಟಿಗೆ ಕಟ್ಟಿ, ಹತ್ತಾರು ಕೂಲಿಗಳು ಹೆಗಲ ಮೇಲೆ ಹೊತ್ತು ಬೆಟ್ಟ ದಾಟಿಸುತ್ತಿದ್ದರು. ಜನ ಕಾರಿನಲ್ಲಿ ಹೋಗುವುದನ್ನು ಕಂಡಿದ್ದೇವೆ. ಕಾರೇ ಜನರ ಮೇಲೆ ಸವಾರಿ ಹೋಗಿದ್ದ ಕಾಲವದು.

ಇನ್ನೂ ದೂರದ ದೇಶಗಳಿಗೆ ಕಾರು ಒಯ್ಯುವವರಿಗೆ 'ಕಾರ್ನೆ' ಎಂಬ ಪುಸ್ತಕ ಬೇಕಾಗುತ್ತದೆ. ಕಾರನ್ನು ಅಲ್ಲಿ ಮಾರದೆ ವಾಪಸು ತರುತ್ತೇನೆ ಎಂಬುದಕ್ಕೆ ಅದೇ ಜಾಮೀನು. ಆಟೊಮೊಬೈಲ್ ಸಂಘ ಠೇವಣಿ ಇಟ್ಟುಕೊಂಡು ಅದನ್ನು ಕೊಡುತ್ತದೆ. ಗಡಿಯೊಳಗೆ ಹೋಗುವಾಗ ಹಾಳೆಯ ಒಂದು ತುಂಡು ಹರಿದುಕೊಳ್ಳುತ್ತಾರೆ, ಹೊರಬರುವಾಗ ಇನ್ನೊಂದು. ಮುದ್ರೆ ಒತ್ತಿದ ಅಡಿಚೀಟಿ ನಮ್ಮ ಬಳಿ ಉಳಿಯುತ್ತದೆ. ಒಂದು ಮುದ್ರೆ ತಪ್ಪಿದರೂ ಠೇವಣಿಗೆ ಸಂಚಕಾರ. ಹೆದ್ದಾರಿ ಬದಿಯ ಟೀ ಅಂಗಡಿಯಲ್ಲಿ ಸುಖದುಃಖ ಹೇಳಿಕೊಳ್ಳಬಹುದು, ಅಲ್ಲಿಯ ಕಿಟಕಿಯಲ್ಲಿ ಮುದ್ರೆಗೆ ಮಾತ್ರ ಬೆಲೆ.

ಇದಕ್ಕೆ ಹೋಲಿಸಿದರೆ ಅತ್ತಿಬೆಲೆಯ ಗಡಿ ಎಷ್ಟು ಹಗುರ! ಸ್ವಂತ ಬಳಕೆಯ ಕಾರಿಗೆ ಪರ್ಮಿಟ್ಟು ಬೇಡ. 'ಟಿಎನ್ 70' ಬರೆದ ಕಾರು ಕರ್ನಾಟಕದಲ್ಲಿ ಹನ್ನೆರಡು ತಿಂಗಳು ಮೀರಿ ನೆಲೆನಿಂತರೆ ಮಾತ್ರ 1988ರ ಮೋಟಾರು ವಾಹನ ಕಾಯಿದೆಯಂತೆ ಹೊಸ ನಂಬರು ಪಡೆಯಬೇಕು. ಸರಕು ಲಾರಿಗಳನ್ನು ಸಾಲುಗಟ್ಟಿ ನಿಲ್ಲಿಸುತ್ತಿದ್ದ ವಾಣಿಜ್ಯ ತೆರಿಗೆಯ ತಪಾಸಣೆಯೂ 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ನಿಂತಿತು.

ಆದರೆ 2020 ನಿಮಗೆ ನೆನಪಿರಬೇಕು. ಕೊರೊನಾ ಕಾಲದಲ್ಲಿ ಇದೇ ಗೆರೆಯ ಮೇಲೆ ಬ್ಯಾರಿಕೇಡು ಬಂತು. ಇ-ಪಾಸ್ ಇಲ್ಲದ ಕಾರು ಹಿಂದಕ್ಕೆ ತಿರುಗಬೇಕಾಯಿತು. ಕಣ್ಣಿಗೆ ಕಾಣುವ ಊರಿಗೆ ಹೋಗಲಾಗದೆ, ತವರಿನ ಸಾವಿಗೂ ಅನುಮತಿ ಬೇಡಬೇಕಾದ ಸಂಕಟವನ್ನು ಗಡಿಯವರು ಉಂಡರು. ರೋಗ ತಡೆಯಲು ಅದು ಬೇಕಿತ್ತೋ ಏನೋ. ಆದರೆ ಗಡಿ ಸುಮ್ಮನಿದ್ದರೂ ಸತ್ತಿರುವುದಿಲ್ಲ ಎಂಬುದು ಆಗ ತಿಳಿಯಿತು.

ಬಂಧುಗಳೇ, ನಮ್ಮ ಹಿರಿಯರು ಗಂಟು ಬಿಚ್ಚಿ ತೋರಿಸಿದ ದಾರಿಯಲ್ಲಿ ನಾವು ಗಾಜು ಏರಿಸಿಕೊಂಡು ಹೋಗುತ್ತಿದ್ದೇವೆ. ಈ ಸಲೀಸು ತಾನಾಗಿ ಬಂದದ್ದಲ್ಲ. ಒಂದೊಂದು ಸುಂಕ ಹೋಗಿ, ಒಂದೊಂದು ಕಾಯಿದೆ ಬಂದು ಆದದ್ದು. ಮುಂದಿನ ಸಲ ಜೂಜುವಾಡಿ ದಾಟುವಾಗ ಪಕ್ಕದಲ್ಲಿ ಕೂತ ಮಕ್ಕಳಿಗೆ ಇದನ್ನು ಹೇಳಿ. ಕನ್ನಡದಲ್ಲಿ ಹೇಳಿ, ತಮಿಳಿನಲ್ಲಿ ಹೇಳಿ. ಎರಡೂ ಅವರಿಗೆ ತಿಳಿಯುತ್ತದೆ.